ಒಂದೇ ಮನೆಯ ಎರಡು ಪುಸ್ತಕಗಳು

ಬೆನಝೀರ್ ಭುಟ್ಟೋ ಅವರ ಆತ್ಮಕತೆಗೆ ಮೂರು ಹೆಸರುಗಳಿವೆ. 1988ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಅದು ‘ಡಾಟರ್ ಆಫ್ ದಿ ಈಸ್ಟ್’. ಅಮೆರಿಕದ ಓದುಗರ ಕೈಗೆ ಹೋದಾಗ ‘ಡಾಟರ್ ಆಫ್ ಡೆಸ್ಟಿನಿ’. ಉರ್ದುವಿನಲ್ಲಿ ‘ದುಖ್ತರೆ ಮಶ್ರಿಕ್’. ಒಂದು ಕಡೆ ಪೂರ್ವ ದಿಕ್ಕಿನ ಮಗಳು, ಇನ್ನೊಂದು ಕಡೆ ವಿಧಿಯ ಮಗಳು. ಮಾರುಕಟ್ಟೆಗೆ ತಕ್ಕಂತೆ ತಂದೆಯ ಸ್ಥಾನದಲ್ಲಿರುವ ಪದ ಬದಲಾಗಿದೆ, ಮಗಳು ಎಂಬ ಪದ ಮಾತ್ರ ಮೂರರಲ್ಲೂ ಹಾಗೇ ಉಳಿದಿದೆ.

ಸಾಮಾನ್ಯವಾಗಿ ರಾಜಕಾರಣಿಗಳು ಆತ್ಮಕತೆ ಬರೆಯುವುದು ಅಧಿಕಾರ ಕಳೆದುಕೊಂಡ ಮೇಲೆ. ಬೆನಝೀರ್ ಬರೆದದ್ದು ಅಧಿಕಾರ ಸಿಗುವ ಮೊದಲು. ಪುಸ್ತಕ ಬಂದ ವರ್ಷವೇ, 1988ರ ಡಿಸೆಂಬರ್ 2ರಂದು, 35ನೆಯ ವಯಸ್ಸಿನಲ್ಲಿ ಅವರು ಪಾಕಿಸ್ತಾನದ ಪ್ರಧಾನಿಯಾದರು. ಮುಸ್ಲಿಮ್ ಬಹುಸಂಖ್ಯಾತ ದೇಶವೊಂದರಲ್ಲಿ ಚುನಾಯಿತ ಸರಕಾರವನ್ನು ಮುನ್ನಡೆಸಿದ ಮೊದಲ ಮಹಿಳೆ. ಹಾಗಾಗಿ ಈ ಪುಸ್ತಕವನ್ನು ಆಕೆ ಮಾಡಿದ ಆಡಳಿತದ ವರದಿಯಂತೆ ಓದಲು ಬರುವುದಿಲ್ಲ. ತಾನು ಯಾಕೆ ಆಳಬೇಕು ಎಂದು ಜಗತ್ತಿನ ಮುಂದೆ ಇಟ್ಟ ಅರ್ಜಿಯಂತೆ ಓದಬೇಕಾಗುತ್ತದೆ. 2010ರಲ್ಲಿ ಅದೇ ಮನೆಯ ಇನ್ನೊಬ್ಬ ಮಗಳು, ಬೆನಝೀರರ ತಮ್ಮ ಮುರ್ತಝಾರ ಮಗಳು ಫಾತಿಮಾ ಭುಟ್ಟೋ, ‘ಸಾಂಗ್ಸ್ ಆಫ್ ಬ್ಲಡ್ ಆ್ಯಂಡ್ ಸ್ವೋರ್ಡ್’ ಎಂಬ ಪುಸ್ತಕ ಬರೆದರು. ಅದು ಅತ್ತೆಯ ಅರ್ಜಿಗೆ ಸೊಸೆ ಸಲ್ಲಿಸಿದ ತಕರಾರು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಒಬ್ಬ ಮಹಿಳೆಯ ಬದುಕು ಮಾತ್ರವಲ್ಲ, ನಮ್ಮ ಉಪಖಂಡದ ಒಂದು ಹಳೆಯ ಕಾಯಿಲೆಯೂ ಕಾಣಿಸುತ್ತದೆ.

ಮೊದಲು ಪುಸ್ತಕದ ಗುಣವನ್ನು ಹೇಳಬೇಕು. ಅದು ಆರಂಭವಾಗುವುದು 1979ರ ಎಪ್ರಿಲ್ 4ರ ನಸುಕಿನಲ್ಲಿ ರಾವಲ್ಪಿಂಡಿಯ ಜೈಲಿನಲ್ಲಿ ಝುಲ್ಫಿಕರ್ ಅಲಿ ಭುಟ್ಟೋರನ್ನು ಗಲ್ಲಿಗೇರಿಸಿದ ಸಂಗತಿಯಿಂದ. ಆ ಹೊತ್ತಿನಲ್ಲಿ ಮಗಳು ಮತ್ತು ತಾಯಿ ನುಸ್ರತ್ ಕೆಲವೇ ಮೈಲಿ ದೂರದ ಸಿಹಾಲಾ ಪೊಲೀಸ್ ಶಿಬಿರದಲ್ಲಿ ಬಂಧಿಗಳು. ಹಿಂದಿನ ದಿನ ಅರ್ಧ ಗಂಟೆಯ ಕೊನೆಯ ಭೇಟಿ. ನಡುವೆ ಸರಳುಗಳಿದ್ದವು, ಮಗಳಿಗೆ ತಂದೆಯನ್ನು ಅಪ್ಪಿಕೊಳ್ಳಲೂ ಬಿಡಲಿಲ್ಲ. ಇಲ್ಲಿ ಬೆನಝೀರ್ ಒಂದು ಮಾತನ್ನೂ ಹಿಗ್ಗಿಸುವುದಿಲ್ಲ. ದುಃಖವನ್ನು ವರ್ಣಿಸದೆ ದುಃಖದ ಸುತ್ತ ಇದ್ದ ವಸ್ತುಗಳನ್ನು ಹೇಳುತ್ತಾ ಹೋಗುತ್ತಾರೆ. ಕತೆ ಬರೆಯುವವರಿಗೆ ಇದು ಎಷ್ಟು ಕಷ್ಟವೆಂದು ಗೊತ್ತಿರುತ್ತದೆ.

ಅದಕ್ಕಿಂತಲೂ ಗಟ್ಟಿಯಾದ ಪುಟಗಳು ಸುಕ್ಕೂರ್ ಜೈಲಿನವು. 1981ರ ಮಾರ್ಚ್‌ನಲ್ಲಿ ಪಾಕಿಸ್ತಾನದ ವಿಮಾನವೊಂದು ಕಾಬೂಲ್‌ಗೆ ಅಪಹರಣವಾಯಿತು. ಅದರ ಹೊಣೆ ತಮ್ಮ ಮುರ್ತಝಾ ಕಟ್ಟಿದ ‘ಅಲ್ ಝುಲ್ಫಿಕರ್’ ಸಂಘಟನೆಯ ಮೇಲೆ ಬಿತ್ತು. ದೇಶದೊಳಗಿದ್ದ ಅಕ್ಕ ಅದಕ್ಕೆ ಬೆಲೆ ತೆತ್ತರು. ಸಿಂಧ್‌ನ ಮರುಭೂಮಿಯ ಬೇಸಿಗೆಯಲ್ಲಿ, ನಾಲ್ಕೂ ಕಡೆ ತೆರೆದಂತಿದ್ದ ಕೋಣೆಯಲ್ಲಿ ಒಂಟಿ ಸೆರೆವಾಸ. ಬಿಸಿಲಿಗೆ ಚರ್ಮ ಸುಲಿಯುತ್ತದೆ, ಕೂದಲು ಉದುರುತ್ತದೆ, ಕಿವಿಯ ನೋವು ವಿಪರೀತವಾಗುತ್ತದೆ. ಹಾರ್ವರ್ಡ್‌ನಲ್ಲಿ ಓದಿ, ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷೆಯಾಗಿ ಚರ್ಚೆಗಳನ್ನು ನಡೆಸಿದ್ದ ಯುವತಿ ಇಲ್ಲಿ ಕೀಟಗಳನ್ನು ಓಡಿಸುತ್ತಾ ದಿನ ಎಣಿಸುತ್ತಾಳೆ. ಈ ಪುಟಗಳಲ್ಲಿ ಪಕ್ಷವಿಲ್ಲ, ಭಾಷಣವಿಲ್ಲ, ವಂಶವೂ ಇಲ್ಲ. ಒಂದು ದೇಹ ಮತ್ತು ಅದನ್ನು ಮುರಿಯಲು ಹೊರಟ ಒಂದು ಸರಕಾರ ಮಾತ್ರ ಇವೆ. ಬೆನಝೀರರ ರಾಜಕೀಯವನ್ನು ಒಪ್ಪದವರೂ ಈ ಅಧ್ಯಾಯಕ್ಕೆ ತಲೆಬಾಗಲೇಬೇಕು.

ಇನ್ನು ಮಗಳು ಎಂಬ ಪದಕ್ಕೆ ಬರೋಣ. ಭುಟ್ಟೋಗಳು ಲಾರ್ಕಾನದ ದೊಡ್ಡ ಜಮೀನುದಾರರು. ಜಮೀನು ಹೊರಗೆ ಹೋಗಬಾರದೆಂದು ಹೆಣ್ಣುಮಕ್ಕಳನ್ನು ಕುಲದೊಳಗೇ ಮದುವೆ ಮಾಡಿಕೊಡುವುದು, ತಕ್ಕ ವರ ಸಿಗದಿದ್ದರೆ ಮದುವೆಯನ್ನೇ ಮಾಡದಿರುವುದು ಆ ವರ್ಗದ ರೂಢಿ. ಇದನ್ನು ಬೆನಝೀರ್ ಮುಚ್ಚಿಡದೆ ಬರೆಯುತ್ತಾರೆ. ಕುರ್‌ಆನ್ ಮಗಳಿಗೆ ಆಸ್ತಿಯಲ್ಲಿ ಪಾಲು ನಿಗದಿ ಮಾಡಿದೆ. ಸಿಂಧ್‌ನ ಕೆಲವು ಜಮೀನುದಾರರು ಆ ಪಾಲನ್ನು ತಪ್ಪಿಸಲು ಅದೇ ಕುರ್‌ಆನಿನೊಂದಿಗೆ ಮಗಳ ‘ಮದುವೆ’ ಮಾಡಿಸಿ ಅವಳಿಂದ ಹಕ್ಕು ಬಿಡಿಸಿಕೊಳ್ಳುವ ‘ಹಕ್ ಬಖ್ಷಿಶ್’ ಎಂಬ ಅನಾಚಾರವನ್ನೂ ಕಂಡುಕೊಂಡರು. ಧರ್ಮ ಕೊಟ್ಟದ್ದನ್ನು ಧರ್ಮದ ಹೆಸರಿನಲ್ಲೇ ಕಸಿದುಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಇಂಥ ಪರಿಸರದಲ್ಲಿ ಝುಲ್ಫಿಕರ್ ಭುಟ್ಟೋ ಬೇರೆ ಬಗೆಯ ತಂದೆ. ಕರಾಚಿಯಿಂದ ಲಾರ್ಕಾನಕ್ಕೆ ಹೋಗುವ ರೈಲಿನಲ್ಲಿ ತಾಯಿ ಬಾಲಕಿ ಬೆನಝೀರ್‌ಗೆ ಮೊದಲ ಬಾರಿ ಬುರ್ಖಾ ತೊಡಿಸುತ್ತಾರೆ. ಅವಳಿಗೆ ಅದು ಬೇಡ ಎಂದು ತಂದೆ ತೀರ್ಮಾನಿಸುತ್ತಾರೆ. ಮಗಳನ್ನು ವಿದೇಶಕ್ಕೆ ಓದಲು ಕಳಿಸುತ್ತಾರೆ. 1972ರಲ್ಲಿ ಇಂದಿರಾ ಗಾಂಧಿಯವರೊಂದಿಗೆ ಮಾತುಕತೆಗೆ ಶಿಮ್ಲಾಕ್ಕೆ ಬರುವಾಗ 19ರ ಮಗಳನ್ನು ಜೊತೆಗೆ ಕರೆತರುತ್ತಾರೆ. ಅಲ್ಲಿನ ಒಂದು ಪ್ರಸಂಗವನ್ನು ಬೆನಝೀರ್ ಹೇಳುತ್ತಾರೆ. ಒಪ್ಪಂದ ಆಯಿತೋ ಇಲ್ಲವೋ ಎಂಬುದನ್ನು ತಮ್ಮೊಳಗೆ ತಿಳಿಸಲು ಪಾಕಿಸ್ತಾನಿ ನಿಯೋಗದವರು ಗುಪ್ತ ಸಂಕೇತ ಇಟ್ಟುಕೊಂಡಿದ್ದರಂತೆ. ಆದರೆ ಗಂಡು ಮಗು, ಮುರಿದುಬಿದ್ದರೆ ಹೆಣ್ಣು ಮಗು. ಅದರಲ್ಲಿದ್ದ ಪುರುಷ ಅಹಂಕಾರ ಆಗಲೇ ಆಕೆಯ ಕಣ್ಣಿಗೆ ಬಿದ್ದಿತ್ತು.

ಕನ್ನಡದಲ್ಲಿ ನಾವು ದಿನವೂ ಬಳಸುವ ‘ವಾರಸುದಾರ’ ಎಂಬ ಪದ ಅರಬಿಯ ‘ವಾರಿಸ್’ ಎಂಬುದರಿಂದ ಬಂದದ್ದು. ಸಿಂಧ್‌ನ ಜಮೀನುದಾರಿಕೆಯಲ್ಲಿ ಹೆಣ್ಣಿಗೆ ವಾರಸು ಸಿಗುವುದು ಅಪರೂಪ. ಬೆನಝೀರ್‌ಗೆ ಸಿಕ್ಕಿತು. ಸಿಕ್ಕಿದ್ದು ಹೊಲಗದ್ದೆಯಲ್ಲ, ಒಂದು ರಾಜಕೀಯ ಪಕ್ಷ. ಗಂಡುಮಕ್ಕಳಿಬ್ಬರೂ ದೇಶದ ಹೊರಗಿದ್ದಾಗ ಒಳಗೆ ನಿಂತು ಜೈಲು ಅನುಭವಿಸಿದ್ದರಿಂದ ಅದು ನ್ಯಾಯವಾಗಿಯೇ ಆಕೆಗೆ ಸಲ್ಲಬೇಕಿತ್ತು ಎನ್ನಬಹುದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಪಕ್ಷ ಎಂಬುದು ವಾರಸುದಾರಿಕೆಯಲ್ಲಿ ಬರುವ ವಸ್ತುವೇ? ಈ ಪ್ರಶ್ನೆಯನ್ನು ಪುಸ್ತಕ ಎಲ್ಲಿಯೂ ಕೇಳಿಕೊಳ್ಳುವುದಿಲ್ಲ.

ಕೇಳಿಕೊಳ್ಳದಿರಲು ಕಾರಣವಿದೆ. ಇಡೀ ಪುಸ್ತಕ ನಿಂತಿರುವುದು ತಂದೆಯ ನಿರಪರಾಧದ ಮೇಲೆ. ಕೊಲೆ ಮೊಕದ್ದಮೆಯ ಮಟ್ಟಿಗೆ ಮಗಳ ಮಾತು ಸರಿಯೇ ಇತ್ತು. 1979ರ ಫೆಬ್ರವರಿಯಲ್ಲಿ ನಾಲ್ಕಕ್ಕೆ ಮೂರರ ಬಹುಮತದಿಂದ ಮರಣದಂಡನೆಯನ್ನು ಎತ್ತಿಹಿಡಿದಿದ್ದ ಪಾಕಿಸ್ತಾನದ ಸುಪ್ರೀಂ ಕೋರ್ಟ್, 45 ವರ್ಷಗಳ ನಂತರ, 2024ರ ಮಾರ್ಚ್ 6ರಂದು, ಆ ವಿಚಾರಣೆ ನ್ಯಾಯಬದ್ಧವಾಗಿರಲಿಲ್ಲ ಎಂದು ಸರ್ವಾನುಮತದಿಂದ ಹೇಳಿತು. ಆದರೆ ಅನ್ಯಾಯವಾಗಿ ಸತ್ತವನೆಲ್ಲ ನ್ಯಾಯವಾಗಿ ಆಳಿದವನಾಗುವುದಿಲ್ಲ. 1970ರ ಚುನಾವಣೆಯಲ್ಲಿ ಬಹುಮತ ಪಡೆದ ಶೇಖ್ ಮುಜೀಬರ ಎದುರು ಢಾಕಾದ ಸಂಸತ್ ಅಧಿವೇಶನವನ್ನು ಬಹಿಷ್ಕರಿಸಲು ಹೊರಟವರು ಇದೇ ಭುಟ್ಟೋ. 1973ರಲ್ಲಿ ಬಲೂಚಿಸ್ತಾನದ ಚುನಾಯಿತ ಸರಕಾರವನ್ನು ವಜಾ ಮಾಡಿ ಅಲ್ಲಿಗೆ ಸೇನೆ ನುಗ್ಗಿಸಿದವರೂ ಅವರೇ. 1974ರಲ್ಲಿ ಅಹ್ಮದಿಯರನ್ನು ಮುಸ್ಲಿಮೇತರರೆಂದು ಘೋಷಿಸಿದ ಸಂವಿಧಾನ ತಿದ್ದುಪಡಿ ಆದದ್ದು ಅವರ ಕಾಲದಲ್ಲಿ. ಮುಂದೆ ಝಿಯಾ ಧರ್ಮವನ್ನು ಆಯುಧ ಮಾಡಿಕೊಂಡಾಗ ಅದಕ್ಕೆ ಬಾಗಿಲು ಮೊದಲೇ ತೆರೆದಿತ್ತು.

1971ರ ವಿಷಯದಲ್ಲಿ ಬೆನಝೀರ್ ಸ್ವಲ್ಪ ಮಟ್ಟಿಗೆ ಪ್ರಾಮಾಣಿಕರು. ಹಾರ್ವರ್ಡ್‌ನ ತರಗತಿಗಳಲ್ಲಿ ತಮ್ಮ ದೇಶವನ್ನು ಸಮರ್ಥಿಸುತ್ತಿದ್ದ ತನಗೆ ಪೂರ್ವ ಪಾಕಿಸ್ತಾನದ ಜನಾದೇಶಕ್ಕೆ ಆದ ದ್ರೋಹ ಕಾಣಿಸಿರಲಿಲ್ಲ ಎಂದು ವಿಷಾದಿಸುತ್ತಾರೆ. ಆದರೆ ಆ ವಿಷಾದ ತಂದೆಯ ಹೊಸ್ತಿಲ ತನಕ ಬಂದು ನಿಂತುಬಿಡುತ್ತದೆ. ತಪ್ಪು ಸೇನೆಯದು, ತಪ್ಪು ಯಹ್ಯಾ ಖಾನರದು. ಮಗಳಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ಕ್ರೌರ್ಯ ಎನ್ನಬಹುದು. ನಾಳೆ ದೇಶ ಆಳಬೇಕಾದವರಿಂದ ನಿರೀಕ್ಷಿಸದಿರುವುದು ಹೇಗೆ?

ಪುಸ್ತಕದ ಇನ್ನೊಂದು ಮಗ್ಗುಲಲ್ಲಿ ಕಾರ್ಯಕರ್ತರಿದ್ದಾರೆ. ಝಿಯಾ ಕಾಲದಲ್ಲಿ ಛಡಿಯೇಟು ತಿಂದವರು, ಭುಟ್ಟೋಗಾಗಿ ಬೆಂಕಿ ಹಚ್ಚಿಕೊಂಡವರು, 1985ರಲ್ಲಿ ಗಲ್ಲಿಗೇರಿದ ಕರಾಚಿಯ ಕಾರ್ಮಿಕ ನಾಸಿರ್ ಬಲೋಚ್. ಬೆನಝೀರ್ ಇವರ ಹೆಸರುಗಳನ್ನು ಮರೆತಿಲ್ಲ, ಲಂಡನ್ನಿನಲ್ಲಿದ್ದಾಗ ಅವರ ಜೀವ ಉಳಿಸಲು ಓಡಾಡಿದ್ದೂ ನಿಜ. ಆದರೆ ನಿರೂಪಣೆಯಲ್ಲಿ ಇವರೆಲ್ಲ ಭುಟ್ಟೋ ಮನೆಗಾಗಿ ಜೀವ ಕೊಟ್ಟವರಾಗಿಯೇ ಬರುತ್ತಾರೆ. ಅವರಿಗೂ ಒಂದು ಮನೆಯಿತ್ತು, ಅವರ ಮಗಳಿಗೂ ಒಬ್ಬ ತಂದೆಯಿದ್ದ ಎಂಬ ಕಡೆ ಕತೆ ಹೊರಳುವುದಿಲ್ಲ.

ಪುಸ್ತಕ ಮುಗಿದಲ್ಲಿಂದ ಅಧಿಕಾರ ಶುರುವಾಗುತ್ತದೆ. ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಬೆನಝೀರ್‌ರನ್ನು ರಾಷ್ಟ್ರದ ಮುಖ್ಯಸ್ಥೆ ಎಂದು ಕರೆಯುವ ರೂಢಿಯಿದೆ. ಆಕೆ ಸರಕಾರದ ಮುಖ್ಯಸ್ಥೆ ಮಾತ್ರ. ರಾಷ್ಟ್ರದ ಮುಖ್ಯಸ್ಥ ರಾಷ್ಟ್ರಪತಿ. ಝಿಯಾ 1985ರಲ್ಲಿ ಸಂವಿಧಾನಕ್ಕೆ ತುರುಕಿದ 58(2)(ಬಿ) ವಿಧಿಯ ಪ್ರಕಾರ ಸಂಸತ್ತನ್ನು ವಿಸರ್ಜಿಸಿ ಚುನಾಯಿತ ಸರಕಾರವನ್ನು ಮನೆಗೆ ಕಳಿಸುವ ಅಧಿಕಾರ ರಾಷ್ಟ್ರಪತಿಯ ಕೈಯಲ್ಲಿತ್ತು. 1990ರ ಆಗಸ್ಟ್ 6ರಂದು ಗುಲಾಮ್ ಇಶಾಕ್ ಖಾನ್ ಅದನ್ನು ಬಳಸಿದರು. 1996ರ ನವೆಂಬರ್ 5ರಂದು ಬೆನಝೀರ್ ತಾವೇ ಆರಿಸಿ ತಂದ ಫಾರೂಕ್ ಲೆಘಾರಿ ಬಳಸಿದರು. ಅಣ್ವಸ್ತ್ರ ಮತ್ತು ಅಫ್ಘಾನ್ ನೀತಿಗಳು ಸೇನೆಯ ಹಿಡಿತದಲ್ಲಿದ್ದವು. ಮನೆ ಸಿಕ್ಕಿತ್ತು, ಬೀಗದ ಕೈ ಬೇರೆಯವರ ಬಳಿ ಇತ್ತು.

ಇದರ ಮೇಲೆ ಹೆಣ್ಣಿನ ಆಳ್ವಿಕೆ ಧರ್ಮಸಮ್ಮತವೇ ಎಂಬ ಗದ್ದಲ. ಸೇನೆಯ ಆಡಳಿತ ಧರ್ಮಸಮ್ಮತವೇ ಎಂದು ಹನ್ನೊಂದು ವರ್ಷ ಕೇಳದವರು ಈ ಪ್ರಶ್ನೆ ಎತ್ತಿದರು ಎಂಬುದನ್ನು ಗಮನಿಸಬೇಕು. ಮೊರೊಕ್ಕೊದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ ಈ ಗದ್ದಲಕ್ಕೆ ಉತ್ತರವಾಗಿ ಮುಸ್ಲಿಮ್ ಇತಿಹಾಸದಲ್ಲಿ ಆಳಿದ ಹೆಣ್ಣುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಷ್ಟು ದೂರ ಹೋಗುವುದೂ ಬೇಡ. ದೆಹಲಿಯಲ್ಲಿ ರಝಿಯಾ ಆಳಿದ್ದರು. ಭೋಪಾಲದಲ್ಲಿ 19ನೆಯ ಶತಮಾನದಿಂದ 1926ರವರೆಗೆ ಬೇಗಮರ ಪರಂಪರೆಯೇ ಇತ್ತು.

ಬೆನಝೀರ್ ಸರಕಾರ ಏನೂ ಮಾಡಲಿಲ್ಲ ಎನ್ನುವುದು ತಪ್ಪು. ಬಂದೊಡನೆ ರಾಜಕೀಯ ಕೈದಿಗಳ ಬಿಡುಗಡೆಯಾಯಿತು, ವಿದ್ಯಾರ್ಥಿ ಹಾಗೂ ಕಾರ್ಮಿಕ ಸಂಘಗಳ ಮೇಲಿನ ನಿಷೇಧ ಹೋಯಿತು. 1989ರಲ್ಲಿ ಮಹಿಳೆಯರ ಬ್ಯಾಂಕು, 1994ರಲ್ಲಿ ಮಹಿಳಾ ಪೊಲೀಸ್ ಠಾಣೆ, ಹಳ್ಳಿ ಹಳ್ಳಿಗೆ ಆರೋಗ್ಯ ಕಾರ್ಯಕರ್ತೆಯರನ್ನು ಕಳಿಸಿದ ಯೋಜನೆ ಬಂದವು. ಆದರೆ 1979ರ ಹುದೂದ್ ಸುಗ್ರೀವಾಜ್ಞೆಗಳು ಎರಡು ಅವಧಿಗಳಲ್ಲೂ ಹಾಗೇ ಉಳಿದವು. ಅತ್ಯಾಚಾರವನ್ನು ಸಾಬೀತುಪಡಿಸಲಾಗದ ಹೆಣ್ಣನ್ನೇ ವ್ಯಭಿಚಾರದ ಆರೋಪದಲ್ಲಿ ಜೈಲಿಗೆ ಕಳಿಸಲು ದಾರಿ ಮಾಡಿಕೊಟ್ಟ ಕಾನೂನು ಅದು. ಇಂಥ ಕಾನೂನುಗಳ ವಿರುದ್ಧ 1983ರ ಫೆಬ್ರವರಿ 12ರಂದು ಲಾಹೋರಿನ ಬೀದಿಗಿಳಿದ ಮಹಿಳೆಯರು ಲಾಠಿಯೇಟು ತಿಂದಿದ್ದರು. ಮೊದಲ ಅವಧಿಯಲ್ಲಿ ಬಹುಮತವಿರಲಿಲ್ಲ ಎಂಬ ಸಮಜಾಯಿಷಿ ಒಪ್ಪತಕ್ಕದ್ದೇ. ಆದರೂ ಆ ಕಾನೂನಿನ ಹಲ್ಲು ಕೀಳಲು 2006ರ ತನಕ, ಅದೂ ಮುಷರ್ರಫ್ ಎಂಬ ಮತ್ತೊಬ್ಬ ಜನರಲ್‌ನ ಕಾಲದ ತನಕ, ಕಾಯಬೇಕಾಯಿತು ಎಂಬುದು ಕಹಿ ಸತ್ಯ.

ಲಾಹೋರಿನ ಆ ಮಹಿಳೆಯರೊಂದಿಗೆ ಪೆಟ್ಟು ತಿಂದವರಲ್ಲಿ ಉರ್ದು ಕವಿ ಹಬೀಬ್ ಜಾಲಿಬ್ ಕೂಡ ಒಬ್ಬರು. ಸರ್ವಾಧಿಕಾರದ ಎದುರು ನಿಂತ ನಿರಾಯುಧ ಹುಡುಗಿಯೆಂದು ಬೆನಝೀರ್ ಪರವಾಗಿ ನಝ್ಮ್ ಬರೆದು ಬೀದಿ ಬೀದಿಯಲ್ಲಿ ಹಾಡಿದವರು. ಅದೇ ಜಾಲಿಬ್, ಆಕೆ ಪ್ರಧಾನಿಯಾದ ಮೇಲೆ, ಬೆನಝೀರ್ ಎಂಬ ಹೆಸರನ್ನು ಬಹುವಚನ ಮಾಡಿ, ಚಪ್ಪಲಿಯಿಲ್ಲದೆ ನಡೆಯುವ ದೇಶದ ಸಾವಿರಾರು ಹೆಣ್ಣುಮಕ್ಕಳಿಗೆ ಅದನ್ನಿಟ್ಟು ಮತ್ತೊಂದು ಪದ್ಯ ಬರೆದರು. ಬೆನಝೀರ್ ಎಂದರೆ ಸಾಟಿಯಿಲ್ಲದವಳು. ಸಾಟಿಯಿಲ್ಲದ ಹೆಸರಿಗೆ ಬಹುವಚನ ಹಚ್ಚಿದ ಆ ಒಂದು ಪೆಟ್ಟು ನೂರು ಸಂಪಾದಕೀಯಗಳಿಗೆ ಸಮ.

ಈಗ ಸೊಸೆಯ ಪುಸ್ತಕಕ್ಕೆ ಬರೋಣ. ಫಾತಿಮಾ ಹುಟ್ಟಿದ್ದು 1982ರಲ್ಲಿ, ಕಾಬೂಲ್‌ನಲ್ಲಿ. ಬೆಳೆದದ್ದು ದಮಾಸ್ಕಸ್‌ನಲ್ಲಿ. ಅತ್ತೆಯನ್ನು ಆಕೆ ಕರೆಯುತ್ತಿದ್ದುದು ‘ವಡ್ಡಿ ಬುವಾ’ ಎಂದು. 1993ರಲ್ಲಿ ಮುರ್ತಝಾ ಪಾಕಿಸ್ತಾನಕ್ಕೆ ಮರಳಿದರು, ಅಕ್ಕನ ಎರಡನೆಯ ಸರಕಾರದ ಕಾಲದಲ್ಲೇ ಜೈಲು ಸೇರಿದರು. ಮಗನೇ ವಾರಸುದಾರನಾಗಬೇಕೆಂದು ಬಯಸಿದ ನುಸ್ರತ್‌ರನ್ನು ಮಗಳು ಅದೇ ಡಿಸೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷ ಪದವಿಯಿಂದ ಇಳಿಸಿದರು. 1977ರಲ್ಲಿ ಲಾಹೋರಿನ ಕ್ರೀಡಾಂಗಣದಲ್ಲಿ ಲಾಠಿಯೇಟಿನಿಂದ ತಲೆಯೊಡೆದು ರಕ್ತ ಸುರಿಸಿದ ತಾಯಿ ಈಕೆಯೇ. ಆ ದೃಶ್ಯವನ್ನು ಮಗಳೇ ತನ್ನ ಪುಸ್ತಕದಲ್ಲಿ ಬರೆದಿದ್ದಾರೆ. ಶಿಮ್ಲಾದ ಸಂಕೇತದಲ್ಲಿದ್ದ ಗಂಡು-ಹೆಣ್ಣಿನ ಲೆಕ್ಕ ಇಪ್ಪತ್ತು ವರ್ಷಗಳ ನಂತರ ಸ್ವಂತ ಮನೆಯಲ್ಲೇ ಎದುರಾಯಿತು.

1996ರ ಸೆಪ್ಟೆಂಬರ್ 20ರ ರಾತ್ರಿ ಕರಾಚಿಯ 70, ಕ್ಲಿಫ್ಟನ್ ಮನೆಯ ಹತ್ತಿರವೇ ಮುರ್ತಝಾ ಮತ್ತು ಅವರ ಆರು ಮಂದಿ ಸಂಗಡಿಗರು ಪೊಲೀಸರ ಗುಂಡಿಗೆ ಬಲಿಯಾದರು. ಪ್ರಧಾನಿ ಸ್ವಂತ ಅಕ್ಕ. ಒಳಗೆ 14ರ ಫಾತಿಮಾ ಪುಟ್ಟ ತಮ್ಮನನ್ನು ಬಟ್ಟೆ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು. ಪ್ರಧಾನಿ ನಿವಾಸಕ್ಕೆ ಫೋನ್ ಮಾಡಿ ಅತ್ತೆಯನ್ನು ಕೇಳಿದಾಗ ಸಿಕ್ಕಿದವರು ಮಾವ ಆಸಿಫ್ ಝರ್ದಾರಿ, ತಂದೆಗೆ ಗುಂಡು ತಗಲಿದ ಸುದ್ದಿ ತಿಳಿದದ್ದು ಅವರ ಬಾಯಿಂದ ಎಂದು ಆಕೆ ಬರೆಯುತ್ತಾರೆ. ಇದು ತನ್ನ ಸರಕಾರವನ್ನು ಉರುಳಿಸಲು ನಡೆದ ಸಂಚು ಎಂದು ಬೆನಝೀರ್ ಕೊನೆಯವರೆಗೂ ವಾದಿಸಿದರು. ಝರ್ದಾರಿ 2008ರಲ್ಲಿ, ಆರೋಪಿ ಪೊಲೀಸರು 2009ರಲ್ಲಿ ಖುಲಾಸೆಯಾದರು. ಕೊಂದವರು ಯಾರು ಎಂಬುದಕ್ಕೆ ನ್ಯಾಯಾಲಯದಿಂದ ಉತ್ತರ ಬರಲಿಲ್ಲ.

ಸುಕ್ಕೂರ್ ಜೈಲಿನ ಪುಟಗಳಿಗೆ ಸರಿಸಾಟಿಯಾಗಿ ನಿಲ್ಲುವುದು ಫಾತಿಮಾರ ಈ ರಾತ್ರಿಯ ಪುಟಗಳೇ. ಆದರೆ ಅತ್ತೆಯ ದೋಷವೂ ಸೊಸೆಗೆ ಬಳುವಳಿಯಾಗಿ ಬಂದಿದೆ. ಅಲ್ಲಿ ತಂದೆ ಝುಲ್ಫಿಕರ್ ತಪ್ಪೇ ಮಾಡದವರು, ಇಲ್ಲಿ ತಂದೆ ಮುರ್ತಝಾ. ವಿಮಾನ ಅಪಹರಣದಲ್ಲಿ ಕಾಬೂಲ್‌ನಲ್ಲಿ ಒಬ್ಬ ಪ್ರಯಾಣಿಕನ ಕೊಲೆಯಾಗಿತ್ತು. ಆ ಪ್ರಕರಣದಲ್ಲಿ ತಂದೆಯ ಪಾತ್ರವನ್ನು ಹಗುರಗೊಳಿಸಲು ಫಾತಿಮಾ ಬಹಳ ಶ್ರಮಪಡುತ್ತಾರೆ. ಕೆಟ್ಟದ್ದೆಲ್ಲ ಅತ್ತೆಯದು ಮತ್ತು ಮಾವನದು. ಇಬ್ಬರೂ ಒಳ್ಳೆಯ ಸಾಕ್ಷಿಗಳು. ಆದರೆ ಸಾಕ್ಷಿ ಕಟ್ಟೆಯಿಂದ ಇಳಿದು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಾಗ ಇಬ್ಬರೂ ಎಡವುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಸೊಸೆ ಅತ್ತೆಯ ದಾರಿ ಬಿಟ್ಟರು. ತಂದೆಯ ರಕ್ತವನ್ನು ಓಟು ಕೇಳಲು ಬಳಸಲಿಲ್ಲ. ಅಧಿಕಾರ ಹುಟ್ಟಿನಿಂದ ಬರಬಾರದೆಂದು ಹೇಳಿ, ಚುನಾವಣೆಗೆ ನಿಲ್ಲದೆ ಬರವಣಿಗೆಯನ್ನೇ ಹಿಡಿದರು. ಅತ್ತೆಯ ಕಡೆ ನಡೆದದ್ದು ಬೇರೆ. 2007ರ ಡಿಸೆಂಬರ್ 27ರಂದು ರಾವಲ್ಪಿಂಡಿಯ ಲಿಯಾಕತ್ ಬಾಗ್‌ನಲ್ಲಿ ಬೆನಝೀರ್ ಹತ್ಯೆಯಾಯಿತು. ಮೂರು ದಿನಗಳಲ್ಲಿ ಅವರ ವಸಿಯತ್ ಓದಲಾಯಿತು. 19ರ ಬಿಲಾವಲ್ ಪಕ್ಷದ ಅಧ್ಯಕ್ಷ, ತಂದೆ ಝರ್ದಾರಿ ಸಹ ಅಧ್ಯಕ್ಷ. ಹುಡುಗನ ಹೆಸರಿನ ನಡುವೆ ‘ಭುಟ್ಟೋ’ ಸೇರಿತು. ನಮ್ಮ ಶರೀಅತ್‌ನಲ್ಲಿ ವಸಿಯತ್ ಬರೆಯುವುದು ಸ್ವಂತ ಆಸ್ತಿಗೆ, ಅದಕ್ಕೂ ಮೂರನೆಯ ಒಂದು ಭಾಗದ ಮಿತಿಯಿದೆ. ಲಕ್ಷಾಂತರ ಜನ ರಕ್ತ ಬೆವರು ಸುರಿಸಿ ಕಟ್ಟಿದ ಪಕ್ಷವನ್ನು ಇಡಿಯಾಗಿ ವಸಿಯತ್ ಮಾಡಲು ಯಾವ ಕಾನೂನಿನಲ್ಲಿ ಅವಕಾಶವಿದೆ?

ಈ ಪ್ರಶ್ನೆ ಪಾಕಿಸ್ತಾನಕ್ಕಷ್ಟೇ ಸೇರಿದ್ದಲ್ಲ. ಇಂದಿರಾ ಗಾಂಧಿ ಬಂದದ್ದು ತಂದೆಯ ಹೆಸರಿನಿಂದ, ಶ್ರೀಲಂಕಾದ ಸಿರಿಮಾವೋ ಬಂದದ್ದು ಹತ್ಯೆಯಾದ ಗಂಡನ ಹೆಸರಿನಿಂದ. ಬಾಂಗ್ಲಾದ ಹಸೀನಾ ಹತ್ಯೆಯಾದ ತಂದೆಯ ಮಗಳು, ಖಾಲಿದಾ ಹತ್ಯೆಯಾದ ಗಂಡನ ಪತ್ನಿ. ಹೆಣ್ಣು ಆಳುವುದನ್ನು ಒಪ್ಪದ ಸಮಾಜಗಳು ಸತ್ತ ಗಂಡಸಿನ ಪ್ರತಿನಿಧಿಯಾಗಿ ಬಂದಾಗ ಮಾತ್ರ ಆಕೆಯನ್ನು ಒಪ್ಪಿಕೊಂಡವು. ಒಪ್ಪಿಗೆ ಸಿಕ್ಕಿದ ಮೇಲೆ ಸತ್ತವನ ಸೇಡು, ಸತ್ತವನ ಪ್ರತಿಮೆ, ಸತ್ತವನ ಮೊಮ್ಮಕ್ಕಳು ಎಂದು ರಾಜಕೀಯ ಹಿಂದಕ್ಕೇ ತಿರುಗಿ ನಿಂತಿತು. ತಂದೆಯ ಹೆಸರಿನಲ್ಲೇ ಆಳಿದ ಹಸೀನಾ 2024ರ ಆಗಸ್ಟ್ 5ರಂದು ದೇಶ ಬಿಟ್ಟು ಹೋದಾಗ ಜನ ಮೊದಲು ಉರುಳಿಸಿದ್ದು ಆ ತಂದೆಯ ಪ್ರತಿಮೆಗಳನ್ನು.

ಬೆನಝೀರ್ ಬದುಕಿನ ಅತ್ಯಂತ ದುಃಖದ ಸಂಗತಿ ಅವರ ಪುಸ್ತಕದ ಆಚೆಗಿದೆ. ತಂದೆಗೆ ನ್ಯಾಯ ಸಿಗಲಿಲ್ಲ ಎಂಬ ಒಂದೇ ಮಾತಿನ ಮೇಲೆ ಬದುಕು ಕಟ್ಟಿದ ಆಕೆಯ ಕೊಲೆಗೂ ನ್ಯಾಯ ಸಿಗಲಿಲ್ಲ. ಹತ್ಯೆ ನಡೆದ ಜಾಗವನ್ನು ಎರಡು ಗಂಟೆಯೊಳಗೆ ನೀರು ಹಾಯಿಸಿ ತೊಳೆಯಲಾಯಿತು ಎಂದು 2010ರ ವಿಶ್ವಸಂಸ್ಥೆಯ ಆಯೋಗ ಹೇಳಿತು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. 2008ರಿಂದ 2013ರವರೆಗೆ ಆಕೆಯ ಗಂಡನೇ ರಾಷ್ಟ್ರಪತಿ, ಆಕೆಯ ಪಕ್ಷದ್ದೇ ಸರಕಾರ. 2017ರಲ್ಲಿ ತೀರ್ಪು ಬಂದಾಗ ಐವರು ಆರೋಪಿಗಳು ಖುಲಾಸೆ, ಇಬ್ಬರು ಪೊಲೀಸ್ ಅಧಿಕಾರಿಗಳಿಗೆ ಶಿಕ್ಷೆ. ವಾರಸುದಾರರು ಹೆಸರನ್ನು ಪಡೆದರು, ಓಟನ್ನು ಪಡೆದರು, ಖಟ್ಲೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಹಿಡಿಯಲಿಲ್ಲ.

ಆದ್ದರಿಂದ ಬೆನಝೀರ್‌ರನ್ನು ಓದುವವರು ಹುತಾತ್ಮೆಯ ಗೋರಿಗೆ ಚಾದರ ಹೊದಿಸುವವರಂತೆಯೂ ಓದಬಾರದು, ಭ್ರಷ್ಟಾಚಾರದ ಕಡತ ಹಿಡಿದ ಗುಮಾಸ್ತರಂತೆಯೂ ಓದಬಾರದು. ಅತ್ತೆಯ ಪುಸ್ತಕವನ್ನು ಮೊದಲು, ಸೊಸೆಯದನ್ನು ನಂತರ ಓದುವುದು ಒಳ್ಳೆಯದು. ಓದಿದ ಮೇಲೆ ನಾಸಿರ್ ಬಲೋಚ್ ಗಲ್ಲಿಗೇರುವ ಪುಟಕ್ಕೆ ಇನ್ನೊಮ್ಮೆ ಹೋಗಿ ಬನ್ನಿ. ಭುಟ್ಟೋ ಮನೆಯ ಗೋರಿಗಳು ಗಢಿ ಖುದಾ ಬಖ್ಷ್‌ನಲ್ಲಿ ಅಮೃತಶಿಲೆಯ ಗುಮ್ಮಟದಡಿ ಇವೆ, ಆ ಮನೆಯ ಇಬ್ಬರು ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಓದಿಸಿದ್ದಾರೆ. ಅದೇ ಕಾಲದಲ್ಲಿ, ಅದೇ ಹೋರಾಟದಲ್ಲಿ ತಂದೆಯನ್ನು ಕಳೆದುಕೊಂಡ ಕಾರ್ಮಿಕರ ಹೆಣ್ಣುಮಕ್ಕಳು ಹೇಳಬೇಕಾದದ್ದೂ ಬಹಳವಿದೆ. ಅವರ ಪಾಲಿನ ನ್ಯಾಯವನ್ನು ಕೇಳದ ಪ್ರಜಾಪ್ರಭುತ್ವ ಯಾವ ಮನೆಯ ಮಗಳ ಕೈಗೆ ಹೋದರೂ ಒಂದೇ.